ಮಾದನಕೆರೆಯ ಉಬ್ಬರ

ವೈಕುಂಠ ಸಮಾರಾಧನೆಯ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಗೇಟಿಗೆ ಸಿಕ್ಕಿಸಿ ಹೋದ. ಇನ್ನು ಒಂದೇ ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸುಕೃತಿ ಎರಡನ್ನೂ ಕಾಯಿಸಿದಳು. ಉಕ್ಕಿತು. ಒಲೆ ಒರೆಸಿದಳು. ಅಳುವವರು, ಮಂತ್ರ ಹೇಳುವವರು, ಒಂದು ತುತ್ತಾದರೂ ತಿನ್ನಮ್ಮ ಎನ್ನುವವರು ಎಲ್ಲರೂ ಹಿಂದಿನ ಸಂಜೆಯೇ ಲಾಡು, ವಡೆ ಕಟ್ಟಿಸಿಕೊಂಡು ಹೊರಟುಹೋಗಿದ್ದರು. ಕಸದ ಗಾಡಿ ತನ್ನ ಹಾಡು ಹಾಕಿಕೊಂಡು ಜಾಲಹಳ್ಳಿಯ ಆ ಸದ್ದಿಲ್ಲದ ಬೀದಿಯಲ್ಲಿ ಬಂತು. ಅವಳು ಕಸ ಕೊಟ್ಟು ಬಂದಳು. ಗಂಡ ಸತ್ತ ಮೇಲೂ ಹಸಿ ಕಸ, ಒಣ ಕಸ ಬೇರೆ ಬೇರೆಯೇ ಇಡಬೇಕು.

ಗೇಟಿನ ಒಳಗೆ, ಕಾರು ನಿಲ್ಲಬೇಕಾದ ಜಾಗದಲ್ಲಿ, ಹರಗೋಲು ಕೂತಿತ್ತು. ಬಿದಿರಿನ ಬುಟ್ಟಿಗೆ ಟಾರು ಬಳಿದ ದುಂಡು ದೋಣಿ. ಒಂದು ಎಮ್ಮೆ ಆರಾಮಾಗಿ ಮಲಗಬಹುದಾದಷ್ಟು ಅಗಲ. ಗಂಡ ಋಷಿಕೇಶ್ ಅದನ್ನು ಬೆಳ್ಳಂದೂರಿನಾಚೆಯ ಮಾದನಕೆರೆಯ ದಂಡೆಯಲ್ಲಿರುವ ಪಿಳ್ಳಮ್ಮ ಎನ್ನುವವರಿಂದ ಎರವಲು ತಂದಿದ್ದ. ತಳ ಸೋರುತ್ತಿದೆ, ತೇಪೆ ಹಾಕಿಯೇ ಹಿಂದಿರುಗಿಸಬೇಕು ಎಂದು ಕಾರಿನ ತಲೆಯ ಮೇಲೆ ಕಟ್ಟಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ತಂದು, ತೇಪೆಯನ್ನೂ ಹಾಕಿ, ಟಾರು ಒಣಗುವ ಮುಂಚೆ ತೀರಿಕೊಂಡಿದ್ದ. ಪೀಣ್ಯದ ನೀರು ಪರೀಕ್ಷೆಯ ಲ್ಯಾಬಿನಲ್ಲಿ, ಊಟದ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ್ದಾಗ, ಕೂತಲ್ಲೇ ಎದೆ ನಿಂತುಹೋಯಿತು. ಡಬ್ಬಿಯಲ್ಲಿ ಪುಳಿಯೋಗರೆ ಇತ್ತು.

ಸಾವಿನ ಮನೆಗೆ ಬಂದವರೆಲ್ಲ ಹರಗೋಲಿನೊಳಗೆ ಚಪ್ಪಲಿ ಬಿಟ್ಟಿದ್ದರು. ಮೊದಲು ಬಂದವರು ಯಾರೋ ಬಿಟ್ಟರು. ಅಂಥ ಹೊತ್ತಿನಲ್ಲಿ ಇದೇನು, ಎತ್ತ ಎಂದು ಕೇಳುವಂತಿಲ್ಲ. ಹಿಂದೆ ಬಂದವರು ಇವರ ಕಡೆ ಇದೇ ಪದ್ಧತಿ ಇರಬೇಕು ಎಂದುಕೊಂಡು ತಾವೂ ಬಿಟ್ಟರು. ಕೊನೆಗೆ ಪುರೋಹಿತರೂ ಬಿಟ್ಟರು. ಈಗ ಒಳಗೆ ಎಡಗಾಲಿನ ಒಂಟಿ ಚಪ್ಪಲಿ ಮಾತ್ರ ಉಳಿದಿತ್ತು.

ಮಾವ ದ್ವಾರಕಾನಾಥ ಅದನ್ನು ನೋಡುತ್ತಾ ನಿಂತಿದ್ದರು. ಸರ್ಕಾರಿ ಯಂತ್ರ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಅಳತೆ ಪರೀಕ್ಷಕರಾಗಿದ್ದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಉಕ್ಕಿನ ತುಂಡನ್ನು ವಾಪಸು ಎಸೆದವರು. ಹೆಂಡತಿ ಹೋಗಿ ವರ್ಷಗಳಾಗಿದ್ದವು. ಈಗ ಮಗ.

"ಒಂಟಿ ಚಪ್ಪಲಿ ಹಾಕ್ಕೊಂಡು ಅದ್ಯಾರು ಹೋದ್ರಮ್ಮ?"

"ಗೊತ್ತಿಲ್ಲ ಮಾವ."

"ಅವರಿಗಾದ್ರೂ ಗೊತ್ತಾಗ್ಬೇಕಲ್ಲ, ನಡೀವಾಗ?"

ಆ ಪ್ರಶ್ನೆಗೆ ಉತ್ತರ ತಾನಾಗಿಯೇ ಗೇಟು ತೆರೆದುಕೊಂಡು ಬಂತು. ಲ್ಯಾಬಿನ ಮಾಲೀಕ ಶ್ರೀಧರ್. ಅತ್ತಿತ್ತ ನೋಡಿ, ಹರಗೋಲಿನೊಳಗೆ ಚಪ್ಪಲಿ ಬಿಡಲು ಬಗ್ಗಿ, "ಅಯ್ಯೋ, ಇದು ನಂದೇ! ಅವತ್ತು ಗಾಬರೀಲಿ ಯಾರದೋ ಒಂದು ಹಾಕ್ಕೊಂಡು ಹೋಗ್ಬಿಟ್ಟಿದ್ದೆ" ಎಂದರು. ಆಮೇಲೆ ಮುಖ ಗಂಭೀರ ಮಾಡಿಕೊಂಡು ಒಳಗೆ ಬಂದು ಕೂತರು.

"ಹೇಗಿದೀರ ಅಂತ ಕೇಳಲ್ಲ ಮೇಡಂ. ಕೇಳ್ಬಾರ್ದು. ಒಂದು ಸಣ್ಣ ಸಹಿ ಬೇಕಿತ್ತು."

ಸಹಿಯ ಹಿಂದಿನ ಕತೆ ಸಣ್ಣದಾಗಿರಲಿಲ್ಲ. ಕರಾವಳಿ ನಗರಗಳ ನೀರು ಎಷ್ಟು ಕೆಟ್ಟಿದೆ ಎಂದು ಅಳೆಯುವ ಯೋಜನೆಯೊಂದಕ್ಕೆ ಅರ್ಜಿ ಕರೆದಿದ್ದರು. ಶ್ರೀಧರ್ ಅದರಲ್ಲಿ ನಗರ ಎನ್ನುವುದನ್ನು ಮಾತ್ರ ಓದಿ ಅರ್ಜಿ ತುಂಬತೊಡಗಿದರು. ಕಡಲಿನಿಂದ ಎಷ್ಟು ದೂರ ಎಂದು ಕೇಳಿದ ಕಡೆ ಮುನ್ನೂರೈವತ್ತು ಕಿಲೋಮೀಟರ್ ಎಂದು ಹೊಡೆದರೆ ಕಂಪ್ಯೂಟರ್ ಕೆಂಪಗಾಯಿತು. ಮೂವತ್ತೈದು ಎಂದರೆ ಹಸಿರಾಯಿತು. ಪೀಣ್ಯದಲ್ಲಿ ವ್ಯವಹಾರ ಮಾಡುವವರಿಗೆ ಒಂದು ಸೊನ್ನೆ ಹೆಚ್ಚಲ್ಲ. ಅವತ್ತಿನಿಂದ ದಾಖಲೆಯಲ್ಲಿ ಸಮುದ್ರ ಮಾಲೂರಿನ ಆಸುಪಾಸಿಗೆ ಬಂದು ನಿಂತಿತು. ಮಾದನಕೆರೆ ಅಳಿವೆಯಾಯಿತು. ಯೋಜನೆ ಮಂಜೂರಾಯಿತು.

ಆಮೇಲೆ ತಕರಾರು. ಪ್ರತಿ ಭೇಟಿಗೂ ಎರಡು ಸಾಲು ತುಂಬಬೇಕಿತ್ತು: ಉಬ್ಬರದ ನೀರು, ಇಳಿತದ ನೀರು. ಕೆರೆಗೆಲ್ಲಿಯ ಉಬ್ಬರ? "ಯಾವ್ದಾದ್ರೂ ಎರಡು ನಂಬರ್ ಹಾಕು ಗುರು" ಎಂದರು ಶ್ರೀಧರ್. ಋಷಿಕೇಶ್ ಹಾಕಲಿಲ್ಲ. ಇದ್ದರೆ ಬರೆಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಬರೆಯುತ್ತೇನೆ ಎಂದು ಕೆರೆಯ ಕತ್ತಿನಲ್ಲಿ, ರಾಜಕಾಲುವೆ ಬಂದು ಸೇರುವ ಇಕ್ಕಟ್ಟಿನ ಜಾಗದಲ್ಲಿ, ಒಂದು ಕಂಬ ನೆಟ್ಟು ನೋಡುತ್ತಾ ಕೂತ.

ಉಬ್ಬರ ಇತ್ತು. ಬೆಳಿಗ್ಗೆ ಒಂದು, ಸಂಜೆ ಒಂದು. ಚಂದ್ರನಿಗೂ ಅದಕ್ಕೂ ಸ್ನಾನವೂ ಇಲ್ಲ, ಸೂತಕವೂ ಇಲ್ಲ. ಸುತ್ತಲ ಅಪಾರ್ಟ್‌ಮೆಂಟುಗಳು ಆಫೀಸಿಗೆ ಹೊರಡುವ ಮುಂಚೆ ಮಿಂದು, ಒಗೆದು, ತೊಳೆದಾಗ ನೀರು ಏರುತ್ತಿತ್ತು. ಅವರು ಆಫೀಸಿನಲ್ಲಿ ಕೂತಾಗ ಇಳಿಯುತ್ತಿತ್ತು. ಇದನ್ನು ಅವನು ಊಟದ ಹೊತ್ತಿನಲ್ಲಿ ಹೇಳಿದಾಗ ಸುಕೃತಿ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬೊಮ್ಮಸಂದ್ರದ ಔಷಧಿ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿದ್ದವಳು, "ಕೆರೆಗೆ ಉಬ್ಬರ ಇರಲ್ಲ ಋಷಿ" ಎಂದು ಹಪ್ಪಳ ಮುರಿದಿದ್ದಳು. "ಒಂದ್ ದಿನ ಬಾ, ತೋರಿಸ್ತೀನಿ" ಎಂದಿದ್ದ. ಅವಳಿಗೆ ಬಿಡುವಾಗಿರಲಿಲ್ಲ.

"ಈಗ ಕರಾವಳಿಯಿಂದ ಪರಿಶೀಲನೆಗೆ ಒಬ್ರು ಬಂದಿದಾರೆ ಮೇಡಂ" ಎಂದರು ಶ್ರೀಧರ್. "ಡಾಕ್ಟರ್ ಯಮುನಾ ಅಂತ. ಚಂದ್ರನ ಪಟ್ಟಿ ಪಕ್ಕದಲ್ಲಿಟ್ಕೊಂಡು ನೋಡಿದಾರೆ. ಒಂದ್ ದಿನಾನೂ ತಾಳೆ ಆಗಿಲ್ಲ. ಯುಗಾದಿ ಒಂದು ಬಿಟ್ಟು."

ಯುಗಾದಿಯಂದು ಚಂದ್ರನ ಜೊತೆ ಎಣ್ಣೆ ಸ್ನಾನವೂ ಕೂಡಿಬಂದಿತ್ತು.

"ಕಲ್ಪಿತ ದತ್ತಾಂಶ ಅಂತ ಷರಾ ಬರೀತಾರಂತೆ. ಅಳೆದೋರ ಹೆಸರಿನ ಮುಂದೆ."

"ಋಷಿ ಹೆಸರಿನ ಮುಂದೆ."

"ಅಲ್ಲಿ ಬರೆದ್ರೆ ಒಳ್ಳೇದು ಮೇಡಂ. ಲ್ಯಾಬ್ ಹೆಸರಿನ ಮುಂದೆ ಬರೆದ್ರೆ ನಮ್ಮ ಮಾನ್ಯತೆ ಹೋಗತ್ತೆ. ಎಷ್ಟೋ ಮನೆ ದೀಪ ಆರತ್ತೆ. ಇವ್ರಿಗೀಗ..." ಶ್ರೀಧರ್ ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ನೋಡಿ ಕೈ ಮುಗಿದರು. "ಇವ್ರಿಗೀಗ ಏನೂ ಆಗೋ ಹಾಗಿಲ್ಲವಲ್ಲ."

ಅವರು ಮುಂದೆ ಚಾಚಿದ ಒಪ್ಪಿಗೆಯ ಕಾಗದವನ್ನು ದ್ವಾರಕಾನಾಥ ತೆಗೆದುಕೊಂಡು, ಕನ್ನಡಕ ಏರಿಸಿ, ಪ್ರತಿ ಸಾಲನ್ನೂ ಓದಿದರು.

"ಇದರಲ್ಲಿ 'ಮೃತರಿಗೆ ಯಾವುದೇ ಆಕ್ಷೇಪಣೆ ಇರುವುದಿಲ್ಲ' ಅಂತಿದೆ. ಅವನು ಯಾವಾಗ ಹೇಳಿದ?"

"ಅದು ಫಾರ್ಮ್ಯಾಟ್ ಸಾರ್."

ದ್ವಾರಕಾನಾಥ ಕಾಗದವನ್ನು ಮಡಿಕೆ ಕೆಡದಂತೆ ಟೀಪಾಯಿಯ ಮೇಲಿಟ್ಟರು. ಆಮೇಲೆ ಯಾರನ್ನೂ ನೋಡದೆ ಕೇಳಿದರು: "ಸುಳ್ಳು ಬರೆದಿದ್ನಾ ಅವನು?"

ಶ್ರೀಧರ್ ಫ್ಯಾನು ನೋಡಿದರು. ಸುಕೃತಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಅವಳಿಗೆ ಆಗಲೇ ಗೊತ್ತಾದದ್ದು. ಇಷ್ಟು ದಿನ ಒಳಗೆ ಏನೂ ಅಲುಗಾಡಿರಲಿಲ್ಲ. ಈಗ ಏನೋ ಒಂದು ಕಲ್ಲು ಸರಿದಂತಾಯಿತು.

"ಆ ಡಾಕ್ಟರ್ ಕೆರೆ ನೋಡಿದಾರಾ?"

"ಕಡಲಿನೋರು ಮೇಡಂ ಅವರು, ಕೆರೆ ಯಾಕ್ ನೋಡ್ತಾರೆ? ನಾಳೆ ಯಾವ್ದೋ ಮದುವೆ ಮುಗಿಸ್ಕೊಂಡು ವಾಪಸ್ ಹೊರಡ್ತಾರೆ."

"ಬೆಳಿಗ್ಗೆ ಕೆರೆ ಹತ್ರ ಬಂದು ಹೋಗೋಕೆ ಹೇಳಿ. ನಾನು ತೋರಿಸ್ತೀನಿ. ಹೇಗೂ ಹರಗೋಲು ವಾಪಸ್ ಕೊಡ್ಬೇಕು."

"ಏನ್ ತೋರಿಸ್ತೀರಿ?"

"ಉಬ್ಬರ" ಎಂದಳು ಸುಕೃತಿ, ಕಾಫಿ ಎನ್ನುವ ಹಾಗೆ.

"ಬರದೇ ಇದ್ರೆ?"

"ಬರದೇ ಇದ್ರೆ ಸಹಿ ಹಾಕ್ತೀನಿ."

ಮರುದಿನ ನಸುಕಿಗೇ ಗೂಡ್ಸ್ ಆಟೋ ಬಂತು. ಹರಗೋಲು ಅದರ ಮೇಲೆ ಕೂತಾಗ ಆಟೋ ಕಾಣಿಸಲೇ ಇಲ್ಲ; ಬೀದಿಯಲ್ಲಿ ಒಂದು ಹರಗೋಲು ತನ್ನಷ್ಟಕ್ಕೆ ಹೊಗೆ ಬಿಡುತ್ತಾ ಹೊರಟ ಹಾಗಿತ್ತು. ದ್ವಾರಕಾನಾಥ ಗೇಟಿನವರೆಗೆ ಬಂದರು. "ಫೋನ್ ಮಾಡು. ಸಮಾಧಾನದ ಮಾತು ಬೇಡ. ಅಳತೆ ಹೇಳು ಸಾಕು" ಎಂದರು.

ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿದ.

"ಏನ್ ಮೇಡಂ ಇದು, ಡಿಶ್ ಆಂಟೆನಾನಾ?"

"ಹರಗೋಲು."

"ನೀರಲ್ಲಿ ಹೋಗೋದನ್ನ ರಸ್ತೇಲಿ ಯಾಕ್ ತಗೊಂಡ್ ಹೋಗ್ತಿದೀರಿ? ಮಳೆಗಾಲದವರೆಗೂ ತಡ್ಕೊಂಡಿದ್ರೆ ಇದೇ ಅಂಡರ್‌ಪಾಸಲ್ಲಿ ಇಳಿಸಬಹುದಾಗಿತ್ತು."

"ವಾಪಸ್ ಕೊಡ್ಬೇಕು. ನಮ್ಮ ಯಜಮಾನ್ರು ಎರವಲು ತಂದಿದ್ದು. ತೀರ್ಕೊಂಡ್ರು."

ಪೊಲೀಸಿನವನು ಟೋಪಿ ಸರಿಮಾಡಿಕೊಂಡ. ಒಂದು ಗಳಿಗೆ ಯೋಚಿಸಿದ. "ಸತ್ತೋರ ಋಣ ಇಟ್ಕೋಬಾರ್ದು, ಹೋಗಿ ಹೋಗಿ" ಎಂದವನೇ ನಾಲ್ಕೂ ದಿಕ್ಕಿನ ವಾಹನಗಳನ್ನು ನಿಲ್ಲಿಸಿ, ಮಂತ್ರಿಯ ಕಾರಿಗೆ ದಾರಿ ಬಿಡುವ ಹಾಗೆ ಹರಗೋಲಿಗೆ ದಾರಿ ಬಿಟ್ಟ. ಯಾರೋ ಬೈಕಿನವನು ಯಾವುದಕ್ಕೂ ಇರಲಿ ಎಂದು ಅದಕ್ಕೆ ನಮಸ್ಕಾರ ಹಾಕಿದ.

ಮಾದನಕೆರೆಯ ದಂಡೆಯಲ್ಲಿ ಪಿಳ್ಳಮ್ಮನ ಮನೆಗೆ ಬೀಗ ಬಿದ್ದಿತ್ತು. ರಸ್ತೆಯ ಮೇಲೆ ನೊರೆಯ ಮುದ್ದೆಗಳು ಉರುಳಾಡುತ್ತಿದ್ದವು. ಡಾಕ್ಟರ್ ಯಮುನಾ ಮದುವೆಗೆ ಉಟ್ಟ ರೇಷ್ಮೆ ಸೀರೆಯಲ್ಲಿ, ಮುಡಿಗೆ ಮಲ್ಲಿಗೆ ಮುಡಿದು, ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಶ್ರೀಧರ್, ಕೊಡೆ ಹಿಡಿದುಕೊಂಡು. ಮೇಲಿಂದ ನೊರೆ ಬೀಳುತ್ತಿತ್ತು.

"ಎಂಥ ಮಾರಾಯ್ರೆ ಇದು?" ಎಂದರು ಯಮುನಾ. "ನಮ್ಮಲ್ಲಿ ಅಲೆ ಬಂದ್ರೆ ನೊರೆ ಬರ್ತದೆ. ಇಲ್ಲಿ ನೊರೆ ಮಾತ್ರ ಉಂಟು, ಅಲೆ ಎಲ್ಲಿ?" ಆಮೇಲೆ ಸುಕೃತಿಯ ಬೋಳು ಹಣೆ ನೋಡಿ ದನಿ ಇಳಿಸಿದರು. "ನೋಡಿ, ನನಗೆ ನಿಮ್ಮ ಯಜಮಾನರ ಮೇಲೆ ದ್ವೇಷ ಇಲ್ಲ ಆಯ್ತಾ. ಆದ್ರೆ ಚಂದ್ರ ಒಪ್ಪದ ಉಬ್ಬರವನ್ನು ನಾನು ಒಪ್ಲಿಕ್ಕೆ ಹೇಗೆ ಸಾಧ್ಯ? ಮುಹೂರ್ತ ತಪ್ಪಿಸ್ಲಿಕ್ಕೂ ಇಲ್ಲ. ಬೇಗ ತೋರಿಸಿ."

ಕಂಬ ದಂಡೆಯಿಂದ ಕಾಣುತ್ತಿರಲಿಲ್ಲ, ನೊರೆ ಮುಚ್ಚಿತ್ತು. ಹರಗೋಲಿನಲ್ಲೇ ಹೋಗಬೇಕು. ಶ್ರೀಧರ್ ತಮಗೆ ನೀರಿನ ಗಂಡಾಂತರವಿದೆ, ಜಾತಕದಲ್ಲಿದೆ ಎಂದು ದಂಡೆಯಲ್ಲೇ ಉಳಿದರು. ಯಮುನಾ ಸೀರೆ ಎತ್ತಿ ಕಟ್ಟಿ, "ಕೊಡಿ ಇಲ್ಲಿ, ನಾನು ಹುಟ್ಟಿದ್ದೇ ದೋಣಿಯ ಪಕ್ಕ" ಎಂದು ಹುಟ್ಟು ಕಸಿದುಕೊಂಡರು. ಕಡಲಿನ ದೋಣಿಗೆ ಮುಂದು ಹಿಂದು ಎಂಬುದಿದೆ. ಹರಗೋಲಿಗಿಲ್ಲ. ಅವರು ಎಡಕ್ಕೆ ಹಾಕಿದರೆ ಅದು ಬಲಕ್ಕೆ ತಿರುಗಿತು, ಬಲಕ್ಕೆ ಹಾಕಿದರೆ ಎಡಕ್ಕೆ. ಟೆಕ್ ಪಾರ್ಕು, ಅಪಾರ್ಟ್‌ಮೆಂಟು, ಶ್ರೀಧರ್, ಮತ್ತೆ ಟೆಕ್ ಪಾರ್ಕು.

"ಇದೆಂಥ, ರುಬ್ಬುವ ಕಲ್ಲಾ?"

"ಮುಂದೆ ಹಾಕಿ ಎಳ್ಕೋಬೇಕು ಅಂತಿದ್ರು" ಎಂದಳು ಸುಕೃತಿ. ಅದನ್ನು ಅವನು ಯಾವಾಗ ಹೇಳಿದ್ದ ಎಂದು ನೆನಪಾಗಲಿಲ್ಲ.

ಕೊನೆಗೆ ಗಾಳಿಯೇ ಕರುಣೆ ತೋರಿ ಅವರನ್ನು ಕಂಬದ ಬಳಿಗೆ ತಳ್ಳಿತು. ಬಿಳಿ ಪೈಪಿನ ಮೇಲೆ ಮರೂನ್ ಬಣ್ಣದ ಗೆರೆಗಳು. ಹಬ್ಬದಿಂದ ಅವಳು ಹುಡುಕುತ್ತಿದ್ದ ಉಗುರು ಬಣ್ಣದ ಶೀಸೆ ಎಲ್ಲಿ ಹೋಗಿತ್ತು ಎನ್ನುವುದು ಗೊತ್ತಾಯಿತು. ಯಮುನಾ ನೀರಿನ ಮಟ್ಟ ನೋಡಿ ಬರೆದುಕೊಂಡು, ಥರ್ಮಾಮೀಟರ್ ಇಳಿಬಿಟ್ಟರು. ಇಬ್ಬರೂ ಪೈಪನ್ನು ಹಿಡಿದುಕೊಂಡು ಕಾದರು.

ನೀರು ಏರಲಿಲ್ಲ.

ಆಫೀಸಿಗೆ ಹೊರಡುವ ಹೊತ್ತು ಬಂತು. ನೀರು ಏರಲಿಲ್ಲ. ಒಂದು ಹಕ್ಕಿ ನೊರೆಯ ಮೇಲೆ ಕೂರಲು ಹೋಗಿ ಒಳಗೆ ಮುಳುಗಿ, ಅವಮಾನವಾದಂತೆ ಎದ್ದು ಹಾರಿತು. ಮಟ್ಟ ಗೆರೆಗೆ ಅಂಟಿಕೊಂಡು ನಿಂತಿತ್ತು. ಯಮುನಾ ಗಡಿಯಾರ ನೋಡಿದರು. ಎರಡನೇ ಸಲ ನೋಡಿದರು.

"ನನಗೆ ಬೇಜಾರುಂಟು" ಎಂದರು. "ಆದ್ರೆ ನೀರು ಇದ್ದಲ್ಲೇ ಉಂಟಲ್ಲ."

ದಂಡೆಯಿಂದ ಶ್ರೀಧರ್ ಕಾಗದ ಬೀಸಿದರು. "ಮೇಡಂ, ಸಹಿ ಅಲ್ಲೇ ಮಾಡ್ತೀರೋ, ಇಲ್ಲಿಗೆ ಬಂದೋ? ಪೆನ್ ನನ್ನತ್ರ ಇದೆ!"

ಸುಕೃತಿ ಸುತ್ತ ನೋಡಿದಳು. ಗಂಡ ಇಲ್ಲಿ ಕೂತು ಎರಡು ಅಂಕಿ ಹುಟ್ಟಿಸಿಕೊಂಡು ಮನೆಗೆ ಬಂದು ತನ್ನ ಜೊತೆ ಹಪ್ಪಳ ತಿಂದನೇ? ರಸ್ತೆಯಲ್ಲಿ ಕಂಪನಿ ಬಸ್ಸುಗಳಿರಲಿಲ್ಲ. ಬಾಲ್ಕನಿಗಳಲ್ಲಿ ಯಾರೂ ಇರಲಿಲ್ಲ. ಎಲ್ಲೋ ಮಕ್ಕಳು ಕ್ರಿಕೆಟ್ ಆಡುವ ಕೂಗು.

"ಇವತ್ತು ಯಾವ ವಾರ?"

"ಭಾನುವಾರ" ಎಂದರು ಯಮುನಾ. "ಈ ಊರಲ್ಲಿ ಮದುವೆ ಮತ್ತೆ ಯಾವಾಗ ಇಡ್ತಾರೆ?"

ಸೂತಕದ ಮನೆಯಲ್ಲಿ ವಾರಗಳಿರುವುದಿಲ್ಲ. ಒಂಬತ್ತನೇ ದಿನ, ಹತ್ತನೇ ದಿನ, ಹನ್ನೊಂದನೇ ದಿನ ಎಂದಷ್ಟೇ ಇರುತ್ತದೆ. ಸುಕೃತಿ ಭಾನುವಾರವನ್ನು ಗಮನಿಸಿಯೇ ಇರಲಿಲ್ಲ. ಭಾನುವಾರ ಬೆಳ್ಳಂದೂರು ಹಾಸಿಗೆ ಬಿಟ್ಟು ಏಳುವಷ್ಟರಲ್ಲಿ ಯಮುನಾ ಮದುವೆ ಊಟ ಮುಗಿಸಿ ಎಲೆ ಮಡಿಸಿರುತ್ತಾರೆ.

ಅವಳು ಫೋನ್ ತೆಗೆದಳು. ದಂಡೆಯ ಮೇಲೆ ಎದ್ದು ನಿಂತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಅತಿ ದೊಡ್ಡದರಲ್ಲಿ ಎಂ.ಎಸ್ಸಿ. ಗೆಳತಿ ವನಜಾ ಇದ್ದಳು. ಆ ಸಾವಿರಾರು ಮನೆಗಳ ಸಂಘಕ್ಕೆ ಅವಳೇ ಕಾರ್ಯದರ್ಶಿ.

"ವನಜಾ, ನಿಮ್ಮ ಗ್ರೂಪಿಗೆ ಒಂದು ಮೆಸೇಜ್ ಹಾಕ್ತೀಯಾ? ಇನ್ನು ಅರ್ಧ ಗಂಟೇಲಿ ನೀರು ನಿಲ್ಲತ್ತೆ, ಸಂಜೆವರೆಗೂ ಬರಲ್ಲ ಅಂತ."

ಆಕಳಿಕೆಯ ಸದ್ದು. "ನಿಲ್ಲತ್ತಾ? ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ. ನಿಲ್ಲಲ್ಲ."

"ಸುಕ್ಕು, ಸರಿಯಾಗಿ ಊಟ ಮಾಡ್ತಿದೀಯೇನೇ? ಎಲ್ಲಿದೀಯ ಈಗ?"

"ನಿಮ್ಮನೆ ಹಿಂದಿನ ಕೆರೇಲಿ. ಹರಗೋಲಲ್ಲಿ."

"ಅಯ್ಯೋ ದೇವರೇ! ಅಲ್ಲೇ ಇರು, ಏನೂ ಮಾಡ್ಕೋಬೇಡ, ನಾನು..."

"ನಾನೇನೂ ಮಾಡ್ಕೊಳ್ತಿಲ್ಲ ಕಣೇ. ಜೊತೇಲಿ ರೇಷ್ಮೆ ಸೀರೆ ಉಟ್ಟಿರೋ ಡಾಕ್ಟರೊಬ್ರು ಇದಾರೆ. ಮೆಸೇಜ್ ಹಾಕು. ಋಷಿಗೋಸ್ಕರ."

"ಸುಳ್ಳು ಅಂತ ಗೊತ್ತಾದ್ರೆ ನನ್ನ ಸೆಕ್ರೆಟರಿ ಪೋಸ್ಟ್ ಹೋಗತ್ತೆ."

"ಆ ಪೋಸ್ಟ್ ಬೇಡ ಬೇಡ ಅಂತ ಯಾವಾಗಿನಿಂದ ಒದ್ದಾಡ್ತಿದೀಯ."

"ಹೌದಲ್ವಾ? ಇರು, ಹಾಕ್ತೀನಿ. ನಮ್ಮ ಪಕ್ಕದ ಎರಡು ಕಾಂಪ್ಲೆಕ್ಸಿನ ಗ್ರೂಪಿಗೂ ಹಾಕ್ತೀನಿ. ಅವರೇ ಯಾಕೆ ಮಲ್ಕೊಂಡಿರ್ಬೇಕು."

ಮೊದಲು ಒಂದು ಬಾಲ್ಕನಿಯ ಬಾಗಿಲು ತೆರೆಯಿತು. ಆಮೇಲೆ ಹತ್ತು. ಆಮೇಲೆ ಲೆಕ್ಕ ತಪ್ಪಿತು. ಬಕೆಟ್ಟುಗಳು ಬಡಿದಾಡಿಕೊಳ್ಳುವ ಸದ್ದು, "ಏಳೋ, ಏಳೋ, ಸ್ನಾನ ಮಾಡು, ನೀರು ನಿಲ್ಲತ್ತಂತೆ!" ಎಂಬ ಕೂಗು, ಅದನ್ನೇ ನಾಲ್ಕಾರು ಭಾಷೆಗಳಲ್ಲಿ. ಇಡೀ ದಂಡೆಯ ವಾಷಿಂಗ್ ಮಷೀನುಗಳು ಒಟ್ಟಿಗೆ ಗುಂಯ್‌ಗುಟ್ಟತೊಡಗಿದವು. ಹರಗೋಲಿನಲ್ಲಿ ಇಬ್ಬರು ಹೆಂಗಸರು ಪೈಪಿನ ಗೆರೆಗೆ ಕಣ್ಣು ನೆಟ್ಟು ಕೂತರು.

ರಾಜಕಾಲುವೆಯ ಸೇತುವೆಯ ಕೆಳಗೆ ಏನೋ ಕೆಮ್ಮಿದಂತಾಯಿತು. ಇಡ್ಲಿ ಹಿಟ್ಟು ಹುದುಗೆದ್ದು ಪಾತ್ರೆ ಮೀರಿ ಬರುವ ಹಾಗೆ ನೊರೆ ಹೊರಗೆ ಬಂತು. ಅದರ ಹಿಂದೆ ನೀರು. ಶಾಂಪೂ ವಾಸನೆ, ಗಂಧದ ಸೋಪಿನ ವಾಸನೆ, ಬಟ್ಟೆ ಪುಡಿಯ ವಾಸನೆ, ಅವೆಲ್ಲದರ ಅಡಿಯಲ್ಲಿ ಹೆಸರು ಹೇಳಬಾರದ ಇನ್ನೊಂದು. ಮೊದಲ ಮರೂನ್ ಗೆರೆ ಮುಳುಗಿತು. ನೋಡನೋಡುತ್ತಲೇ ಎರಡನೆಯದು. ಹರಗೋಲು ಮೆಲ್ಲಗೆ ಮೇಲೆದ್ದು, ಯಾರೂ ಹುಟ್ಟು ಹಾಕದೆಯೇ ಒಂದು ಸುತ್ತು ತಿರುಗಿತು.

"ಬರ್ತಾ ಉಂಟು!" ಯಮುನಾ ಕಿರುಚಿದರು. ಥರ್ಮಾಮೀಟರ್ ಎತ್ತಿ ನೋಡಿ, ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದರು. "ಬಿಸಿ ಉಂಟು ಮಾರಾಯ್ರೆ! ನೀರು ಬಿಸಿಯಾಗ್ತಾ ಉಂಟು!"

"ಗೀಸರ್" ಎಂದಳು ಸುಕೃತಿ.

ಮೂರನೇ ಗೆರೆಯೂ ಮುಳುಗಿದ ಮೇಲೆ ಯಮುನಾ ತಣ್ಣಗಾದರು. ಅವರ ಮುಖದ ಮೇಲೆ ಬೇರೆಯೇ ಒಂದು ಯೋಚನೆ ಬಂತು.

"ನಿಮ್ಮ ಗೆಳತಿಯ ಅಪಾರ್ಟ್‌ಮೆಂಟಲ್ಲಿ ಕೊಳಚೆ ಶುದ್ಧ ಮಾಡುವ ಘಟಕ ಉಂಟಾ?"

"ಇದೆ. ಉದ್ಘಾಟನೆಗೆ ನಾನೂ ಹೋಗಿದ್ದೆ. ಜಾಮೂನು ಕೊಟ್ಟಿದ್ರು."

"ಅದು ಓಡ್ತಾ ಇದ್ರೆ ನೀರು ತೊಟ್ಟಿಯಲ್ಲಿ ನಿಂತು, ಇಡೀ ದಿನ ಒಂದೇ ಸಮ ಹೊರಗೆ ಬರ್ಬೇಕು. ಹೀಗೆ ಮಿಂದ ಕೂಡ್ಲೇ ಏರ್ಲಿಕ್ಕಿಲ್ಲ. ಇವರೆಲ್ಲ ಸೀದಾ ಬಿಡ್ತಾ ಇದ್ದಾರೆ. ನಿಮ್ಮ ಯಜಮಾನರು ವರ್ಷವಿಡೀ ಉಬ್ಬರದ ಸಾಲಲ್ಲಿ ಇವರ ಕಳ್ಳತನ ಅಳೆದು ಬರೆದಿಟ್ಟಿದ್ದಾರೆ. ನಾನು ಚಂದ್ರನನ್ನು ಹಿಡ್ಕೊಂಡು ಕೂತಿದ್ದೆ." ಅವರು ಪೆನ್ನಿನ ಮುಚ್ಚಳ ಕಚ್ಚಿ ತೆಗೆದರು. ಋಷಿಕೇಶನ ಹೆಸರಿನ ಮುಂದೆ, 'ದತ್ತಾಂಶ ನಿಜ, ಖುದ್ದು ಪರಿಶೀಲಿಸಿದೆ' ಎಂದು ಬರೆದು ಸಹಿ ಹಾಕಿದರು. ಆಮೇಲೆ ತಡೆದರು. "ಇಲ್ಲೊಂದು ಕಾಲಂ ಉಂಟು, ಉಬ್ಬರಕ್ಕೆ ಕಾರಣವಾದ ಆಕಾಶಕಾಯ ಅಂತ. ಖಾಲಿ ಬಿಡ್ಲಿಕ್ಕಿಲ್ಲ. ನಿಮ್ಮ ಗೆಳತಿಯ ಹೆಸರೆಂಥ?"

"ವನಜಾ."

ಯಮುನಾ ಹಾಗೆಯೇ ಬರೆದರು.

ದಂಡೆಗೆ ಬಂದಾಗ ಶ್ರೀಧರ್ ಕೊಡೆ ಹಿಡಿದು ಓಡಿಬಂದರು. "ಮೇಡಂ, ಹಾಗಾದ್ರೆ ಲ್ಯಾಬ್ ಹೆಸರಿನ ಮುಂದೆ..."

"ಅಳತೆ ಸರಿ ಉಂಟು. ಅದಿರ್ಲಿ, ಮಾಲೂರಲ್ಲಿ ಕಡಲುಂಟಾ?"

ಶ್ರೀಧರ್ ಕೊಡೆ ಮಡಚಿದರು. "ಒಳ್ಳೆ ಮಳೆ ಬಂದ್ರೆ ಮೇಡಂ..."

"ಅದನ್ನು ನಾವು ಮದುವೆಗೆ ಹೋಗುವ ದಾರಿಯಲ್ಲಿ ಮಾತಾಡುವ. ಬನ್ನಿ" ಎಂದು ಅವರನ್ನು ಕಾರಿನೊಳಗೆ ಕೂರಿಸಿಕೊಂಡು, ಸೀರೆಯ ಅಂಚಿನಲ್ಲಿ ನೊರೆ ಎಳೆದುಕೊಂಡೇ ಯಮುನಾ ಹೊರಟುಹೋದರು.

ಸುಕೃತಿ ಮನೆಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದರು.

"ನಾಲ್ಕು ಬೆರಳು ಏರ್ತು ಮಾವ."

"ಬೆರಳು ಅನ್ನೋದು ಒಂದು ಅಳತೆಯಾ?"

"ಎಪ್ಪತ್ತೆರಡು ಮಿಲಿಮೀಟರ್."

ಆ ಕಡೆಯಿಂದ ಮೂಗು ಸೀಟಿದ ಸದ್ದು. "ಸರಿ ಹಾಗಾದ್ರೆ" ಎಂದರು ದ್ವಾರಕಾನಾಥ. "ಊಟಕ್ಕೆ ಬಾ. ಅನ್ನಕ್ಕಿಡ್ತೀನಿ."

ಅಷ್ಟರಲ್ಲಿ ಪಿಳ್ಳಮ್ಮ ಸಂತೆಯ ಚೀಲ ಹೊತ್ತು ಬಂದಳು. ಹಿಂದೆ ರಾಗಿ ಹೊಲವಿದ್ದ ಜಾಗದಲ್ಲಿ ಮೂರಂತಸ್ತು ಕಟ್ಟಿಸಿ, ಟೆಕ್ ಪಾರ್ಕಿನ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟು, ತಾನು ಕೆಳಗಿನ ಒಂದು ಕೋಣೆಯಲ್ಲಿದ್ದ ಮುದುಕಿ. ಹರಗೋಲು ಅವಳ ಮಾವ ಈ ಕೆರೆಯಲ್ಲಿ ಮೀನು ಹಿಡಿದಿದ್ದ ಕಾಲದ್ದು.

"ಯಾರವ್ವಾ ನೀನು? ನನ್ ಅರಗೋಲು ಇಡ್ಕಂಡ್ ನಿಂತಿದೀಯಾ?"

"ಋಷಿಕೇಶ್ ಹೆಂಡ್ತಿ. ವಾಪಸ್ ಕೊಡೋಕೆ ಬಂದೆ."

"ಆ ಕೋಲು ನೆಟ್ಟೋನಾ? ಎಲ್ಡ್ ದಿನಕ್ಕೆ ತತ್ತೀನಿ ಅಂತ ಓದೋನು ಪತ್ತೇನೇ ಇಲ್ಲ. ಎಲ್ಲವ್ನೆ? ಬರ್ಲಿ, ಇವತ್ತು ಚೆನ್ನಾಗಿ ಬಯ್ತೀನಿ."

"ತೀರ್ಕೊಂಡ್ರು."

ಪಿಳ್ಳಮ್ಮ ಚೀಲ ಕೆಳಗಿಟ್ಟಳು. ಸೊಂಟದ ಮೇಲೆ ಕೈಯಿಟ್ಟು ಕೆರೆಯ ಕಡೆ ತಿರುಗಿ, ಅಲ್ಲಿ ಯಾರೋ ನಿಂತಿದ್ದಾರೆ ಎನ್ನುವ ಹಾಗೆ ಬೈದಳು. "ಇಂಗಾ ಮಾಡೋದು? ಒಂದ್ ಮಾತು ಬಯ್ಸ್ಕಂಡಾದ್ರೂ ಓಗ್ಬಾರ್ದಾಗಿತ್ತಾ? ಮುದ್ಕಿ ನಾನಿಲ್ಲಿ ಗಟ್ಮುಟ್ಟಾಗಿವ್ನಿ!" ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಹರಗೋಲಿನ ತಳವನ್ನು ಮುಷ್ಟಿಯಿಂದ ಗುದ್ದಿ ನೋಡಿದಳು. "ತ್ಯಾಪೆ ಮಾತ್ರ ಸಂದಾಗಿ ಆಕವ್ನೆ."

ಇಬ್ಬರೂ ಹರಗೋಲನ್ನು ಚಕ್ರದ ಹಾಗೆ ಎತ್ತಿ ನಿಲ್ಲಿಸಿ ಉರುಳಿಸಿಕೊಂಡು ಅಂಗಳಕ್ಕೆ ತಂದು, ನೆಲಕ್ಕೆ ಕೂರಿಸಿದರು. ಸುಕೃತಿ ಹೊರಡಬೇಕು ಎಂದು ತಿರುಗಿದವಳು ನಿಂತಳು. ಹರಗೋಲು ಬರಿದಾಗಿತ್ತು. ಎರವಲು ತಂದ ಪಾತ್ರೆಯನ್ನು ಬರಿದಾಗಿ ಕೊಡಬಾರದು; ಜಾಲಹಳ್ಳಿಯಲ್ಲೂ ಅದೇ ಶಾಸ್ತ್ರ, ಮಾದನಕೆರೆಯಲ್ಲೂ ಅದೇ. ಒಂದು ಬಟ್ಟಲಾದರೆ ಒಂದು ಚಮಚ ಏನಾದರೂ ಹಾಕಿ ಕೊಡಬಹುದು. ಇಷ್ಟು ದೊಡ್ಡದಕ್ಕೆ ಏನು ಹಾಕುವುದು? ಅವಳ ಚೀಲದಲ್ಲಿ ಫೋನು, ಬೀಗದ ಕೈ ಬಿಟ್ಟು ಬೇರೇನೂ ಇರಲಿಲ್ಲ.

"ಒಂದು ಹಿಡಿ ಸಕ್ಕರೆ ಇದ್ರೆ ಕೊಡ್ತೀರಾ?"

"ಕಾಪಿ ಮಾಡ್ತೀನಿ ಬಾ ಒಳೀಕೆ."

"ಒಳಗೆ ನಾನು... ಇನ್ನೂ ತಿಂಗಳಾಗಿಲ್ಲ."

"ನಾನೂ ಅಂಗೇ ಆದೋಳೇ ಬಾ, ನಿಂಗಿಂತ ಸಣ್ಣ ವಯಸ್ಸಿಗೆ."

"ಕಾಫಿಗಲ್ಲ" ಎಂದಳು ಸುಕೃತಿ, ಹರಗೋಲಿನ ಒಳಗೆ ನೋಡುತ್ತಾ.

ಪಿಳ್ಳಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಸಾವಿನ ಸುದ್ದಿ ಕೇಳಿ ಇನ್ನೂ ಕಣ್ಣು ಒದ್ದೆಯಾಗಿದ್ದವಳು ಹಾಗೆಯೇ ನಕ್ಕಳು. ಒಳಗೆ ಹೋಗಿ ಸ್ಟೀಲಿನ ಲೋಟದ ತುಂಬ ಸಕ್ಕರೆ ತಂದಳು.

"ನನ್ ಸಕ್ರೆ ನಂಗೇ ಕೊಡ್ತೀಯಾ?"

"ಆಮೇಲೆ ತಂದ್ಕೊಡ್ತೀನಿ."

"ಲೋಟ ಇಲ್ಲೇ ಬುಟ್ಟು ಓಗು. ಗಂಡ ಅರಗೋಲು ವೊತ್ಕಂಡ್ ಓದ, ನೀನು ಲೋಟ ವೊತ್ಕಂಡ್ ಓಗ್ಬ್ಯಾಡ."

ಸುಕೃತಿ ಹರಗೋಲಿನೊಳಗೆ ಬಗ್ಗಿ, ನಡುಮಧ್ಯದಲ್ಲಿ, ಋಷಿಯ ತೇಪೆಯ ಕಪ್ಪು ಟಾರಿನ ಮೇಲೆ ಸಕ್ಕರೆಯನ್ನು ಸುರಿದಳು. ಅಷ್ಟು ಅಗಲದಲ್ಲಿ ಅದು ಇರುವೆಗೂ ಹುಡುಕಬೇಕಾದಷ್ಟು ಪುಟ್ಟ ಗುಡ್ಡೆ. ಲೋಟವನ್ನು ಜಗಲಿಯ ಮೇಲಿಟ್ಟು, ಹರಗೋಲಿನ ಅಂಚನ್ನು ಎರಡು ಕೈಯಲ್ಲೂ ಹಿಡಿದು, ಎತ್ತಲಾಗದ ಅದನ್ನು ಎತ್ತಿ ಕೊಡುವವಳಂತೆ, "ತಗೊಳ್ಳಿ" ಎಂದಳು.

ಪಿಳ್ಳಮ್ಮ ಆಚೆ ಕಡೆಯಿಂದ ಅಂಚು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು.

"ಬಂತು ಕಣವ್ವಾ" ಎಂದಳು.